ಮೊದಲನೇ ಬಹುಮಾನದ ನಗೆ

ನಮ್ಮೂರಿನಲ್ಲಿ ದೊಡ್ಡವರು ಮಕ್ಕಳ ತಲೆಯ ಮೇಲೆ ಕೈಯಿಟ್ಟು "ಎರಡನೇ ನಂಬರ್ ಬಾ" ಎಂದು ಹರಸುತ್ತಿದ್ದರು. ಬೇರೆ ಊರಿನಿಂದ ಸೊಸೆಯಾಗಿ ಬಂದವರಿಗೆ ಮೊದಮೊದಲು ಇದು ವಿಚಿತ್ರ ಅನ್ನಿಸುತ್ತಿತ್ತು. ಒಂದು ಸಂಕ್ರಾಂತಿ ಕಳೆದರೆ ಸಾಕು, ಅವರೂ ಅದನ್ನೇ ಹೇಳಲು ಶುರು ಮಾಡುತ್ತಿದ್ದರು. ಸಂಕ್ರಾಂತಿಯ ಮರುದಿನದಿಂದ ನಮ್ಮ ಪ್ರದರ್ಶನ ಮಂದಿರದಲ್ಲಿ ಸ್ಪರ್ಧೆಗಳು ನಡೆಯುತ್ತಿದ್ದವು. ಅಲ್ಲಿ ಯಾವುದಕ್ಕೆ ಮೊದಲನೇ ಬಹುಮಾನ ಬಂತೋ ಅದು ಅಲ್ಲಿಯೇ ಉಳಿಯುತ್ತಿತ್ತು. ಶಾಲು ಮನೆಗೆ ಬರುತ್ತಿತ್ತು, ಪದಕ ಮನೆಗೆ ಬರುತ್ತಿತ್ತು, ಗೆದ್ದ ವಿದ್ಯೆ ಮಾತ್ರ ಬರುತ್ತಿರಲಿಲ್ಲ.

ಜಟ್ಟೆಪ್ಪ ಪೈಲವಾನರು ಇಪ್ಪತ್ತೈದನೇ ವಯಸ್ಸಿನಲ್ಲಿ ಗುಂಡು ಎತ್ತುವುದರಲ್ಲಿ ಗೆದ್ದವರು. ಎಪ್ಪತ್ತು ದಾಟಿದ ಮೇಲೂ ಮಂದಿರದ ಒಳಗೆ ಕಾಲಿಟ್ಟರೆ ಆ ಗುಂಡುಕಲ್ಲನ್ನು ಹೂವಿನ ಬುಟ್ಟಿಯಂತೆ ಹೆಗಲಿಗೇರಿಸುತ್ತಿದ್ದರು. ಮನೆಯಲ್ಲಿ ಮಾತ್ರ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತೆಗೆಯಲೂ ಹೆಂಡತಿಯನ್ನೇ ಕೂಗಬೇಕಿತ್ತು. ಕುಸುಮಾ ವೈನಿ ರಂಗೋಲಿಯಲ್ಲಿ ಗೆದ್ದವಳು. ಮಂದಿರದ ನೆಲದ ಮೇಲೆ ಅವಳು ಬಿಡಿಸಿದ ನವಿಲು ಈಗ ಎದ್ದು ಹೋದೀತು ಅನ್ನಿಸುತ್ತಿತ್ತು. ಅವಳ ಮನೆಯ ಅಂಗಳದಲ್ಲಿ ಮಾತ್ರ ಒಂದು ನೆಟ್ಟಗಿನ ಗೆರೆ ಬೀಳುತ್ತಿರಲಿಲ್ಲ. ದೀಪಾವಳಿಗೆ ಅವಳ ಅಂಗಳದಲ್ಲಿ ಪಕ್ಕದ ಮನೆಯವಳು ನಾಲ್ಕು ಚುಕ್ಕಿ ಇಟ್ಟು ಹೋಗುತ್ತಿದ್ದಳು.

ಹಾಗಾದರೆ ಬಹುಮಾನವನ್ನೇ ಯಾಕೆ ಕೊಡುತ್ತಿದ್ದರು ಎಂದು ನೀವು ಕೇಳಬಹುದು. ಮೊದಲನೆಯವರಿಲ್ಲದೆ ಎರಡನೆಯವರು ಎಲ್ಲಿಂದ ಬರಬೇಕು? ಎಲ್ಲರೂ ಎರಡನೇ ಸ್ಥಾನಕ್ಕೆ ಹೊಡೆದಾಡುತ್ತಿದ್ದರು. ಹಾಡುವವರು ಕೊನೆಯ ಸಾಲಿನಲ್ಲಿ ಬೇಕೆಂದೇ ಸ್ವಲ್ಪ ಜಾರುತ್ತಿದ್ದರು, ಅಡುಗೆಯವರು ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕುತ್ತಿದ್ದರು. ಹದವರಿತು ಕೆಡಿಸುವುದೂ ಒಂದು ವಿದ್ಯೆ. ಜಾಸ್ತಿ ಕೆಟ್ಟರೆ ಮೂರನೆಯದು ಬಂದು ಮರ್ಯಾದೆ ಹೋಗುತ್ತದೆ, ಕಡಿಮೆ ಕೆಟ್ಟರೆ ಮೊದಲನೆಯದು ಬಂದು ಬಾಳೇ ಹೋಗುತ್ತದೆ. ಹೀಗೆ ಪ್ರತಿ ವರ್ಷ ಯಾರೋ ಒಬ್ಬರು ಲೆಕ್ಕ ತಪ್ಪಿ ಸಿಕ್ಕಿಬೀಳುತ್ತಿದ್ದರು.

ನಾನು ಸಿಕ್ಕಿಬಿದ್ದದ್ದು ಹನ್ನೊಂದು ತಿಂಗಳ ಕೂಸಾಗಿದ್ದಾಗ. ಆ ವರ್ಷ ನಗುವ ಕೂಸಿನ ಸ್ಪರ್ಧೆ ಇಟ್ಟಿದ್ದರು, ಎರಡನೇ ಬಹುಮಾನ ತಾಮ್ರದ ಹಂಡೆ. ನನ್ನ ಅವ್ವ ಬಸಲಿಂಗವ್ವನ ಕಣ್ಣು ಆ ಹಂಡೆಯ ಮೇಲೆ ಬಿತ್ತು. ಇಡೀ ಓಣಿಯಲ್ಲಿ ನನ್ನಷ್ಟು ನಗುವ ಕೂಸು ಇನ್ನೊಂದಿರಲಿಲ್ಲವಂತೆ, ಅದಕ್ಕೇ ಅವಳು ಉಪಾಯ ಹೂಡಿಕೊಂಡು ಹೋದಳು. ತೀರ್ಪುಗಾರರು ಎದುರಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ ಹಿಂದಿನಿಂದ ನನ್ನ ತೊಡೆ ಚಿವುಟಿದಳು. ಕೂಸು ಒಂದು ಗಳಿಗೆ ಅಳಲಿ, ಎರಡನೆಯದು ಬರಲಿ ಎಂದು. ನಾನು ಚಿವುಟಿದ್ದಕ್ಕೂ ಕಿಲಕಿಲ ನಕ್ಕೆನಂತೆ. ಹಂಡೆ ಗಾಣಿಗೇರ ಓಣಿಯ ಕೂಸಿಗೆ ಹೋಯಿತು. ಅವ್ವ ಪದಕ ಹಿಡಿದುಕೊಂಡು ಅಳುತ್ತ ಹೊರಗೆ ಬಂದಳು, ಅವಳ ಸೊಂಟದ ಮೇಲೆ ನಾನು ತಹಶೀಲ್ದಾರರ ಹಾಗೆ ಮುಖ ಬಿಗಿದುಕೊಂಡು ಕೂತಿದ್ದೆ.

ಅಂದಿನಿಂದ ಮಂದಿರದ ಹೊರಗೆ ನಾನು ನಕ್ಕವಳಲ್ಲ. ನಗೆ ಬರುವುದೇನೋ ಬರುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿ ಗಂಟಲ ತನಕ ಏರಿ, ಬರಬೇಕಾದ ಸೀನು ಬರದೇ ಹೋದ ಹಾಗೆ ಅಲ್ಲೇ ಅಡಗುತ್ತಿತ್ತು. ಶಾಲೆಯಲ್ಲಿ ಗಂಭೀರ ಹುಡುಗಿ ಎಂದು ನನ್ನನ್ನು ಮಾನಿಟರ್ ಮಾಡಿದರು. ಮುಖ ಅಲ್ಲಾಡಿಸದೆ ಮಾತಾಡುವುದರಿಂದ ನಾನು ಏನು ಅಂದರೂ ಉಳಿದವರಿಗೆ ನಗೆ ಬರುತ್ತಿತ್ತು, ಹಾಗಾಗಿ ಮದುವೆ ಮನೆಗಳಲ್ಲಿ ನನಗೆ ಒಳ್ಳೆಯ ಬೇಡಿಕೆ. ನನ್ನ ಗಂಡ ರೇವಣಸಿದ್ಧ ಬಸ್ ಕಂಡಕ್ಟರ್. ಸಂಜೆ ಮನೆಗೆ ಬಂದು ಪ್ರಯಾಣಿಕರ ಕಥೆಗಳನ್ನು ಹೇಳಿ ನನ್ನ ಮುಖ ನೋಡುತ್ತಿದ್ದ.

"ನಗಿ ಬಂತೇನ?"

"ಬಂತು. ಮುಂದಿನ ಸ್ಟಾಪಿನ್ಯಾಗ ಇಳದು ಹೋತು," ಎನ್ನುತ್ತಿದ್ದೆ. ಅವನೇ ನಮ್ಮಿಬ್ಬರ ಪಾಲಿನದನ್ನೂ ನಗುತ್ತಿದ್ದ.

ಮಂದಿರದ ಒಳಗಿನ ಮಾತು ಬೇರೆ. ಗೆದ್ದವರೆಲ್ಲ ಭಾನುವಾರ ಅಲ್ಲಿಗೆ ಹೋಗುವುದು ನಮ್ಮೂರ ಪದ್ಧತಿ, ಜನ ನೋಡಲು ಬರುತ್ತಿದ್ದರು. ಒಳಗೆ ಕಾಲಿಟ್ಟರೆ ನನಗೆ ಎಲ್ಲದಕ್ಕೂ ನಗೆ. ಕಾಗೆ ಹಾರಿದರೂ ನಗೆ, ಯಾರೋ ಛತ್ರಿ ಮಡಚಿದರೂ ನಗೆ. ಆ ನಗೆಗೆ ವಯಸ್ಸೇ ಆಗಲಿಲ್ಲ. ನಾನು ಲಂಗ ದಾವಣಿ ಉಟ್ಟೆ, ಸೀರೆ ಉಟ್ಟೆ, ಮದುವೆಯಾಗಿ ತಾಯಿಯಾದೆ. ಬಾಯಿ ತೆರೆದರೆ ಬರುತ್ತಿದ್ದದ್ದು ಹನ್ನೊಂದು ತಿಂಗಳ ಕೂಸಿನದೇ ನಗೆ, ನಡುನಡುವೆ ಬಿಕ್ಕಳಿಕೆ ಬೇರೆ. ಅವ್ವ ಎದುರಿಗೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು, ಫಕ್ಕನೆ ತೆಗೆದು "ಬೂ!" ಎನ್ನುತ್ತಿದ್ದಳು. ಮೂವತ್ತನಾಲ್ಕು ವರ್ಷದ ಹೆಂಗಸು ಅದಕ್ಕೆ ಕೈಕಾಲು ಬಡಿದು ನಗುತ್ತಿದ್ದೆ. ಸುತ್ತಲಿನವರು "ಎಷ್ಟ ಚೆಂದ ನಗ್ತೈತಿ" ಎನ್ನುತ್ತಿದ್ದರು. ನಗುತ್ತಾಳೆ ಅಲ್ಲ, ನಗುತ್ತದೆ.

ಅವ್ವನನ್ನು ನಾನು ಬೈಯಲಾರೆ. ಅಪ್ಪ ಬೇಗ ತೀರಿಕೊಂಡ, ಅವಳಿಗೆ ಇದ್ದವಳು ನಾನೊಬ್ಬಳೇ. ಮೊದಮೊದಲು ಚಿವುಟಿದ ಕೈಯನ್ನು ಶಪಿಸಿಕೊಳ್ಳುತ್ತಿದ್ದವಳು ಬರಬರುತ್ತ ಆ ನಗೆಯ ರುಚಿ ಹತ್ತಿಸಿಕೊಂಡಳು. ಭಾನುವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟು ನನಗಿಂತ ಮೊದಲೇ ಸಿದ್ಧಳಾಗಿ ಕೂರುತ್ತಿದ್ದಳು. "ಎಲ್ಲಾರ ಕೂಸೂ ದೊಡ್ಡವಾದ್ವು, ಕೈ ಬಿಟ್ಟು ಹೋದ್ವು. ನಂದೊಂದ ಇನ್ನೂ ಹಂಗ ಐತಿ" ಎಂದು ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿದಾಗೆಲ್ಲ ನನಗೆ ಅವಳ ಮೇಲೆ ಮರುಕವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ನನ್ನ ಮಗಳು ಭಾಗೀರಥಿ ಐದು ವರ್ಷದವಳಿದ್ದಾಗ ಹಟ ಮಾಡಿ ಒಮ್ಮೆ ನಮ್ಮ ಜೊತೆ ಬಂದಳು. ತನ್ನ ಅವ್ವ ನಗುತ್ತಾಳಂತೆ, ನೋಡಬೇಕು ಎಂದು ದಾರಿಯುದ್ದಕ್ಕೂ ಕುಣಿಯುತ್ತಿದ್ದಳು. ನಾನು ಒಳಗೆ ಹೋಗಿ ನಕ್ಕೆ. ಹುಡುಗಿ ನನ್ನನ್ನು ಕಣ್ಣು ಬಿಟ್ಟು ನೋಡಿದಳು, ಆಮೇಲೆ ಅಜ್ಜಿಯ ಹಿಂದೆ ಅಡಗಿಕೊಂಡು "ನನಗ ಅವ್ವ ಬೇಕು" ಎಂದು ಅಳತೊಡಗಿದಳು. ನಾನು ಅಲ್ಲೇ, ಅವಳ ಎದುರಿಗೇ ಇದ್ದೆ. ಅವಳು ಅಳುತ್ತಿದ್ದಳು, ನಾನು ಅದಕ್ಕೂ ನಗುತ್ತಿದ್ದೆ. ಭಾಗೀರಥಿಯ ನಗೆ ಮಾತ್ರ ವರ್ಷವರ್ಷಕ್ಕೆ ಬದಲಾಗುತ್ತ ಹೋಯಿತು. ಹಲ್ಲು ಬಿದ್ದಾಗ ಒಂದು ಥರ, ಗೆಳತಿಯರು ಸಿಕ್ಕ ಮೇಲೆ ಇನ್ನೊಂದು ಥರ. ನಗೆಯೂ ಬೆಳೆಯುವ ವಸ್ತು ಎಂದು ನನಗೆ ಗೊತ್ತಾದದ್ದು ಆಗ. ನನ್ನದು ಎಷ್ಟು ಬೆಳೆದಿರಬಹುದಿತ್ತು ಎಂದು ಒಲೆಯ ಮುಂದೆ ಕೂತು ಯೋಚಿಸುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಮಂದಿರದ ಗುಮ್ಮಟದಿಂದ ಬಂಡೆಯಷ್ಟು ದೊಡ್ಡ ಗಾರೆಯ ಹೆಂಟೆ ಕಳಚಿ ಬಿತ್ತು. ಬಿದ್ದದ್ದು ಜಟ್ಟೆಪ್ಪನವರು ಆಗಷ್ಟೇ ಎದ್ದುಹೋಗಿದ್ದ ಕುರ್ಚಿಯ ಮೇಲೆ, ಕುರ್ಚಿ ಪುಡಿಪುಡಿಯಾಯಿತು. ಮುನ್ಸಿಪಾಲ್ಟಿಯವರು ಬಂದು ನೋಡಿ, ಗೋಡೆ ಬಿರಿದಿದೆ, ತೊಲೆ ಬಾಗಿದೆ, ಕೆಡವದೆ ವಿಧಿಯಿಲ್ಲ ಎಂದರು. ಊರಿಗೆ ಊರೇ ಹೌಹಾರಿತು. ಅಜ್ಜಂದಿರ ಕಾಲದ ಕಟ್ಟಡ ಎನ್ನುವುದು ಒಂದು ಮಾತು. ನಿಜವಾದ ಹೆದರಿಕೆ ಬೇರೆಯೇ ಇತ್ತು. ಒಳಗೆ ಉಳಿದದ್ದರ ಗತಿ ಏನು? ಗೋಡೆ ಬಿದ್ದರೆ ಅವರವರದು ಅವರವರ ಮನೆಗೆ ಬರುತ್ತದೆ ಎಂದು ಕೆಲವರು, ಇಲ್ಲ, ಕಲ್ಲುಮಣ್ಣಿನ ಅಡಿಗೆ ಸಿಕ್ಕಿ ಸತ್ತೇ ಹೋಗುತ್ತದೆ ಎಂದು ಕೆಲವರು. ಇಂಥ ಕಟ್ಟಡ ಕೆಡವಿ ಯಾರಿಗೆ ಅನುಭವವಿತ್ತು, ಕೇಳೋಣವೆಂದರೆ?

ಮಂದಿರ ಉಳಿಸುವ ಸಮಿತಿ ಹುಟ್ಟಿಕೊಂಡಿತು, ಅವ್ವ ಅದರ ಅಧ್ಯಕ್ಷೆಯಾದಳು. ಜನ್ಮದಲ್ಲಿ ಮಹಿಳಾ ಮಂಡಳದ ಮೆಟ್ಟಿಲು ಹತ್ತದವಳು ಮೈಕ್ ಹಿಡಿದು ಭಾಷಣ ಮಾಡಿದಳು. ಕಡೆಗೆ ಜಿಲ್ಲೆಯಿಂದ ಸಾಹೇಬರೊಬ್ಬರು ಬಂದು ನೋಡಿ ತೀರ್ಮಾನ ಹೇಳುವುದೆಂದಾಯಿತು. ಅವ್ವ ನಮ್ಮ ಮನೆಗೆ ಬಂದು ಚಹದ ಬಟ್ಟಲು ಕೆಳಗಿಟ್ಟು ತನ್ನ ಯೋಜನೆ ಹೇಳಿದಳು.

"ಸಾಹೇಬ ಎಂಥಾ ಕಲ್ಲಮನಸ್ಸಿನಾಂವ ಇದ್ರೂ ನಿನ್ನ ನಗಿ ಒಮ್ಮೆ ಕೇಳಿದ್ರ ಸಾಕು. ಕೆಡವರಿ ಅನ್ನಾಕ ಆಂವಗ ಬಾಯಿ ಬರಂಗಿಲ್ಲ. ನೀ ಬರೇ ಬಂದು ಕುಂಡ್ರು. ಮುಂದಿಂದು ನಾ ನೋಡ್ಕೋತೀನಿ."

ಅವಳು ಹೋದ ಮೇಲೆ ರೇವಣಸಿದ್ಧ ಕೇಳಿದ, "ಏನ್ ಮಾಡ್ತಿ?"

"ಬಿದ್ರ ಅದು ಮನಿಗಿ ಬಂದೀತು, ಇಲ್ಲಂದ್ರ ಪೂರಾ ಹೋದೀತು."

"ಪೂರಾ ಹೋದ್ರ?"

"ಈಗೇನ್ ನನ್ನ ಕೈಯಾಗ ಐತೇನು?" ಎಂದೆ. ಬಾಯಿಯಲ್ಲಿ ಅಂದದ್ದು ಅಷ್ಟೇ. ಪರರ ಮನೆಯಲ್ಲಿ ಇಟ್ಟದ್ದಾದರೂ ಇದೆ ಎಂಬ ಧೈರ್ಯ ಒಂದಿರುತ್ತದೆ. ಅದೂ ಹೋದರೆ ಬದುಕಿಡೀ ಹೀಗೇ ಮುಖ ಬಿಗಿದುಕೊಂಡು ಸಾಯಬೇಕು.

ಸಾಹೇಬರು ಬಂದ ದಿನ ಮಂದಿರದ ಒಳಗೆ ಕಾಲಿಡಲು ಜಾಗವಿರಲಿಲ್ಲ. ಗುಮ್ಮಟದ ಕೆಳಗಿನ ಜಾಗಕ್ಕೆ ಹಗ್ಗ ಕಟ್ಟಿದ್ದರು. ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಸಾಹೇಬರು ಇನ್ನೂ ಹುಡುಗ, ತಲೆಗೆ ಹಳದಿ ಹೆಲ್ಮೆಟ್ ಹಾಕಿಕೊಂಡು ಬಿರುಕುಗಳನ್ನೇ ನೋಡುತ್ತಿದ್ದರು. ಅವ್ವ ಅವರ ಪಕ್ಕದಲ್ಲಿ ನಿಂತು ಬಾಗಿಲ ಕಡೆ ಕಣ್ಣಿಟ್ಟಿದ್ದಳು. ನಾನು ಮೆಟ್ಟಿಲು ಹತ್ತಿ ಬಂದೆ. ಹೊಸ್ತಿಲ ಹತ್ತಿರ ಬಂದಾಗ ಕಾಲು ತಾವಾಗಿಯೇ ನಿಂತವು.

"ಬಾರವ್ವಾ ಒಳಗ," ಎಂದಳು ಅವ್ವ.

"ನಾ ಬರಂಗಿಲ್ಲವ್ವಾ."

ಎಲ್ಲರೂ ತಿರುಗಿ ನೋಡಿದರು. ಅವ್ವ ನಗುತ್ತಲೇ ಹಲ್ಲು ಕಚ್ಚಿ, "ಏನಾತ ನಿನಗ? ಸಾಹೇಬ್ರು ಕಾಯಾಕತ್ಯಾರ," ಎಂದಳು.

"ನನಗ ಮೂವತ್ನಾಕು ವರ್ಷ. ನನಗ ನನ್ನ ವಯಸ್ಸಿನ ನಗಿ ಬೇಕವ್ವಾ. ಸಿಗಲಿಲ್ಲಂದ್ರ ನಗೀನ ಬ್ಯಾಡ. ಖರೇ ಇನ್ನ ಒಳಗ ಬಂದು ಕೂಸಾಗಿ ಕುಂಡ್ರಂಗಿಲ್ಲ."

ಅವ್ವನ ಕಿವಿಗೆ ನನ್ನ ಮಾತು ಬಿತ್ತೋ ಇಲ್ಲವೋ. ಅವಳು ಅಲ್ಲಿಂದಲೇ ಸೆರಗನ್ನು ಮುಖಕ್ಕೆಳೆದುಕೊಂಡು ಫಕ್ಕನೆ ತೆಗೆದು "ಬೂ!" ಎಂದಳು. ನಾನು ಹೊರಗಿದ್ದೆ, ನನ್ನ ಮುಖ ಅಲ್ಲಾಡಲಿಲ್ಲ. ಇನ್ನೊಮ್ಮೆ ಮುಚ್ಚಿ ತೆಗೆದಳು. ಅಷ್ಟು ಜನರ ಮುಂದೆ ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಮತ್ತೊಮ್ಮೆ ಸೆರಗು ತೆಗೆದವಳು "ಬೂ" ಎನ್ನದೆ ನನ್ನನ್ನು ನೋಡುತ್ತ ನಿಂತಳು. ಆಮೇಲೆ ಜನರನ್ನು ಸರಿಸಿಕೊಂಡು ಹೊಸ್ತಿಲ ತನಕ ಬಂದು, ನನ್ನ ಕಿವಿಯ ಪಕ್ಕದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು.

"ಇವು ಯಾವಾಗ ಬೆಳ್ಳಗಾದ್ವು?"

"ಆಗಲೇ ಆಗ್ಯಾವವ್ವಾ."

"ನಾ ನೋಡೇ ಇಲ್ಲಲ್ಲ," ಎಂದಳು. ಹಿಂತಿರುಗಿ ದೊಡ್ಡ ದನಿಯಲ್ಲಿ, "ಸಾಹೇಬ್ರ, ಕೆಡವರಿ," ಎಂದಳು.

ಸಮಿತಿಯವರಿಗೆ ಸಿಡಿಲು ಬಡಿದಂತಾಯಿತು. ಕುಸುಮಾ ವೈನಿ ಮುಂದೆ ಬಂದು, "ಬಸಲಿಂಗಕ್ಕಾ, ಏನ್ ಮಾತಾಡಾಕತ್ತಿ? ಅಧ್ಯಕ್ಷೆ ಅದೀ ನೀ!" ಎಂದಳು.

"ಏನ್ ಮಾತಾಡ್ಲೇ? ನನ್ನ ಮಗಳು ಹೊರಗ ನಿಂತಾಳ," ಎಂದು ಅವ್ವ ಹೊಸ್ತಿಲು ದಾಟಿ ಬಂದು ನನ್ನ ಕೈ ಹಿಡಿದುಕೊಂಡಳು.

ಕೆಡವಿದ ದಿನ ಊರಿನವರೆಲ್ಲ ಬಯಲಿನಲ್ಲಿ ಸೇರಿದ್ದೆವು. ಜೆಸಿಬಿ ಒಂದೆರಡು ಪೆಟ್ಟು ಕೊಟ್ಟಿತು, ಗುಮ್ಮಟ ತಾನಾಗಿಯೇ ಕುಸಿದು ಕೂತಿತು. ಕಾಯುತ್ತಿತ್ತೇನೋ ಪಾಪ, ಯಾರಾದರೂ ಸಾಕು ಎನ್ನಲಿ ಎಂದು. ಧೂಳು ಎದ್ದು ಯಾರ ಮುಖ ಯಾರಿಗೂ ಕಾಣದಾಯಿತು. ಧೂಳು ಇಳಿದಾಗ ಎಲ್ಲರೂ ತಮ್ಮ ತಮ್ಮ ಕೈಕಾಲು ನೋಡಿಕೊಳ್ಳುತ್ತಿದ್ದರು. ಜಟ್ಟೆಪ್ಪನವರು ಒಂದು ಸಣ್ಣ ಕಲ್ಲು ಎತ್ತಲು ಬಗ್ಗಿದರು, ಅರ್ಧಕ್ಕೆತ್ತಿ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಅಲ್ಲೇ ಕೂತರು. "ಅಬ್ಬಬ್ಬಾ, ಮುದುಕ ಆದ್ನೆಪಾ!" ಎಂದರು. ಆ ಮುಖದಲ್ಲಿ ಅಂಥ ಸುಖವನ್ನು ನಾನು ಎಂದೂ ಕಂಡಿರಲಿಲ್ಲ. ಭಾನುವಾರ ಬಂತೆಂದರೆ ಇಪ್ಪತ್ತೈದರ ಹುಡುಗನಾಗಿ ಕಲ್ಲು ಹೊತ್ತು ಹೊತ್ತು ಅವರಿಗೆ ಎಷ್ಟು ಬೇಸರವಾಗಿತ್ತೋ. ಸಂಜೆ ತಮ್ಮ ಮನೆಯ ಉಪ್ಪಿನಕಾಯಿ ಡಬ್ಬಿಯ ಮುಚ್ಚಳವನ್ನು ತಾವೇ ತೆಗೆದರಂತೆ. ಕುಸುಮಾ ವೈನಿ ಮರುದಿನ ಬೆಳಿಗ್ಗೆ ಅಂಗಳದಲ್ಲಿ ನವಿಲು ಬಿಡಿಸಿದಳು. ಕಾಲು ಕೋಳಿಯದಾಗಿತ್ತು, ಕುತ್ತಿಗೆ ಸ್ವಲ್ಪ ನಡುಗಿತ್ತು. ಅರವತ್ತರ ಕೈ ಅದು, ನಡುಗದೆ ಇನ್ನೇನು? ಮಧ್ಯಾಹ್ನದವರೆಗೂ ಅದನ್ನು ಯಾರಿಗೂ ತುಳಿಯಗೊಡದೆ ಬಾಗಿಲಲ್ಲೇ ಕೂತಿದ್ದಳು.

ನನಗೆ ಏನೂ ಆಗಲಿಲ್ಲ. ರೇವಣಸಿದ್ಧ ಬಸ್ಸಿನ ಕಥೆಗಳನ್ನು ಹೇಳಿ, ಒಲೆಯ ಮೇಲಿನ ಹಾಲು ನೋಡುವ ಹಾಗೆ ನನ್ನ ಮುಖ ನೋಡುತ್ತಿದ್ದ. ಭಾಗೀರಥಿ ಕಚಗುಳಿ ಇಟ್ಟಳು. ಗಂಟಲ ತನಕ ಬರುತ್ತಿತ್ತು, ನಿಲ್ಲುತ್ತಿತ್ತು. ಅವ್ವ ಭಾನುವಾರ ಎಂದಿನಂತೆ ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟು, ಹೋಗುವ ಜಾಗ ಇಲ್ಲವೆಂದು ನೆನಪಾಗಿ ಹಾಗೇ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅದನ್ನು ನೋಡಿದಾಗ ನನಗೆ ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳ ಕೂಸೂ ಹೋಯಿತು, ನನ್ನ ನಗೆಯೂ ಹೋಯಿತು, ಇಬ್ಬರನ್ನೂ ನಾನೇ ಬರಿಗೈ ಮಾಡಿದೆನೇನೋ ಎನ್ನಿಸುತ್ತಿತ್ತು.

ಸಂಕ್ರಾಂತಿ ಬಂತು. ಮಂದಿರದ ಜಾಗ ಈಗ ಬರೀ ಬಯಲು, ಅಲ್ಲೇ ಪೆಂಡಾಲ್ ಹಾಕಿ ಪ್ರದರ್ಶನ ನಡೆಸಿದರು. ತೀರ್ಪುಗಾರರಾಗಿ ಅದೇ ಹಳದಿ ಹೆಲ್ಮೆಟ್ಟಿನ ಸಾಹೇಬರನ್ನು ಕರೆಸಿದ್ದರು, ಈ ಸಲ ಬರಿತಲೆಯಲ್ಲಿದ್ದರು. ಅವ್ವ ಶೇಂಗಾ ಹೋಳಿಗೆ ಸ್ಪರ್ಧೆಗೆ ನಿಂತಳು. ಪ್ರತಿ ವರ್ಷ ಹೂರಣಕ್ಕೆ ಚಿಟಿಕೆ ಉಪ್ಪು ಜಾಸ್ತಿ ಹಾಕಿ ಎರಡನೇ ಬಹುಮಾನ ಹೊಡೆಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಈ ಸಲ ಮಾತ್ರ ಬೇರೆ ಮಾತು.

"ಇನ್ನ ಗ್ವಾಡಿ ಇಲ್ಲ, ಬಾಗಲಾ ಇಲ್ಲ, ಯಾತರ ಅಂಜಿಕಿ? ಈ ಸಲ ಮೊದಲನೇದು ನಂದ," ಎಂದು ಪೆಂಡಾಲಿಗೆಲ್ಲ ಕೇಳುವಂತೆ ಸಾರಿದಳು. ಉಳಿದ ಹೆಂಗಸರು ಗಲ್ಲಕ್ಕೆ ಕೈ ಹಚ್ಚಿಕೊಂಡು ನೋಡಿದರು.

ಸಾಹೇಬರು ಅವಳ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡರು. ಅಗಿಯುತ್ತಿದ್ದವರು ನಿಂತರು. ಕಣ್ಣಲ್ಲಿ ನೀರು ಬಂತು. ಮರ್ಯಾದಸ್ಥ ಮನುಷ್ಯ, ಹೇಗೋ ನುಂಗಿದರು.

"ಭಾಳ... ಭಾಳ ಬ್ಯಾರೆ ಐತ್ರಿ ಅಮ್ಮಾರ," ಎಂದರು.

ಅವ್ವನಿಗೆ ಅನುಮಾನ ಬಂತು. ತಾನೇ ಒಂದು ದೊಡ್ಡ ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣು ಎರಡೂ ಮುಚ್ಚಿಕೊಂಡವು, ಮೂಗು ಹಣೆಯ ಕಡೆ ಹತ್ತಿತು, ತುಟಿ ಎರಡೂ ಒಂದೊಂದು ದಿಕ್ಕಿಗೆ ಹೋದವು. "ಯಾವಾಕಿ ಹಾಕಿದ್ಲ ಇದರಾಗ ಉಪ್ಪಾ!" ಎಂದು ಸುತ್ತಲಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ದುರುಗುಟ್ಟಿ ನೋಡಿದಳು. ಅವಳ ಒಲೆಯ ಹತ್ತಿರ ಬೇರೆ ಯಾರೂ ಸುಳಿದಿರಲಿಲ್ಲ. ಅದು ಅವಳಿಗೆ ನೆನಪಾದದ್ದು ನನಗೆ ಅವಳ ಮುಖದಲ್ಲೇ ಕಂಡಿತು. ನಿಧಾನವಾಗಿ ತನ್ನ ಬಲಗೈ ಎತ್ತಿ ನೋಡಿದಳು, ಎಡಗೈಯಿಂದ ಅದಕ್ಕೊಂದು ಪಟ್ಟನೆ ಹೊಡೆದಳು. "ಬ್ಯಾಡ ಬ್ಯಾಡಂತ ಎಷ್ಟ ಸಲ ಹೇಳಿದ್ನಲ್ಲೇ ನಿನಗ!" ಎಂದು ಕೈಯನ್ನೇ ಬೈದಳು.

ನನ್ನ ಹೊಟ್ಟೆಯಲ್ಲಿ ಎದ್ದದ್ದು ಗಂಟಲಿಗೆ ಬಂತು. ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಬಂದ ಸದ್ದು ಕೇಳಿ ಮೊದಲು ಬೆಚ್ಚಿಬಿದ್ದವಳು ನಾನೇ. ಗೊಗ್ಗರು, ಅಗಲ, ಉಸಿರು ಎಳೆದುಕೊಳ್ಳುವಾಗ ಮೂಗಿನಲ್ಲಿ ಗೊರ್ ಎನ್ನುವ ನಗೆ. ಕಾಗೆಗಳು ಪೆಂಡಾಲಿನ ಮೇಲಿಂದ ಎದ್ದವು. ನಾಲ್ಕು ಓಣಿ ಆಚೆಗೂ ಕೇಳಿಸಿರಬೇಕು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಭಾಗೀರಥಿ ಓಡಿಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ನೋಡಿ ಅವಳೂ ನಗತೊಡಗಿದಳು. ಅವಳಿಗೂ ಮೂಗಿನಲ್ಲಿ ಅದೇ ಗೊರ್ ಸದ್ದು. ರೇವಣಸಿದ್ಧ ನಗುವುದನ್ನು ಬಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದ.

ಅವ್ವ ಬಾಯಲ್ಲಿದ್ದ ತುತ್ತನ್ನು ನುಂಗದೆ, ಉಗುಳದೆ, ಕಿವಿಗೊಟ್ಟು ಕೇಳುತ್ತಿದ್ದಳು. ಬಳಿಗೆ ಬಂದು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

"ಇಷ್ಟ ದೊಡ್ಡ ನಗೀನ ಎಲ್ಲಿಟ್ಟಿದ್ದೆ ಯವ್ವಾ ಇಷ್ಟ ವರ್ಷ?"

ನಗೆ ಸ್ವಲ್ಪ ಇಳಿಯುತ್ತ ಬಂದಾಗ ಅವಳು ನನ್ನನ್ನೇ ನೋಡುತ್ತ, ಕೈಯಲ್ಲಿ ಉಳಿದಿದ್ದ ಆ ಉಪ್ಪು ಹೋಳಿಗೆಯಿಂದ ಇನ್ನೊಂದು ದೊಡ್ಡ ಚೂರು ಮುರಿದು ಬೇಕೆಂದೇ ಬಾಯಿಗೆ ಹಾಕಿಕೊಂಡಳು, ಮೊದಲಿಗಿಂತ ಕೆಟ್ಟದಾಗಿ ಮುಖ ಮಾಡಿದಳು.